ತುಪ್ಪ ಕುಡಿದು ಮುದ್ದೆ ಬಿಟ್ಟ ಅಳಿಯ

ಮಾರಿಕಣಿವೆಗೆ ಕಟ್ಟೆ ಕಟ್ಟುತ್ತಿದ್ದ ಕಾಲ. ನಾನಲ್ಲಿ ಗುಮಾಸ್ತ. ಮದುವೆಯಾಗಿ ಮೂರೇ ತಿಂಗಳು, ಹೊಟ್ಟೆ ಮಾತ್ರ ಮೂವತ್ತು ವರ್ಷದ ಸಂಸಾರಿಯಷ್ಟು! ಆಷಾಢಕ್ಕೆ ತವರಿಗೆ ಹೋಗಿದ್ದ ಹೆಂಡತಿ ಗಂಗಮ್ಮನನ್ನು ಕರೆತರಲು ಶ್ರಾವಣದಲ್ಲಿ ಹರಿಯಬ್ಬೆಗೆ ಹೋಗಬೇಕಿತ್ತು. ಅಷ್ಟರೊಳಗೆ ಹೊಟ್ಟೆ ಕರಗಿಸಿ ಅವಳನ್ನು ಬೆರಗಾಗಿಸಬೇಕೆಂದು ನಿಶ್ಚಯಿಸಿದೆ.

ಇಂಗ್ಲಿಷ್ ಪತ್ರಿಕೆ ಓದುತ್ತಿದ್ದ ನಮ್ಮ ಓವರ್‌ಸೀಯರು ಉಪಾಯ ಹೇಳಿದರು. "ಹೊಟ್ಟೆ ಬರೋದು ಹಿಟ್ಟಿನಿಂದ ಕಣಯ್ಯ, ಜಿಡ್ಡಿನಿಂದಲ್ಲ. ಮುದ್ದೆ ಬಿಡು, ತುಪ್ಪ ಹಿಡಿ. ಸೀಮೆಯ ದೊರೆಗಳೆಲ್ಲ ಹಂಗೇ ಮಾಡ್ತಾರೆ."

ತುಪ್ಪ ತಿನ್ನೆನ್ನುವ ಶಾಸ್ತ್ರವನ್ನು ಯಾವ ಮೂರ್ಖ ತಾನೇ ಒಪ್ಪುವುದಿಲ್ಲ? ಅಂದೇ ಮುದ್ದೆಗೆ ತಿಲಾಂಜಲಿಯಿತ್ತೆ. ಹದಿನೈದು ದಿನ ಬೆಣ್ಣೆ, ತುಪ್ಪ, ಕೆನೆಮೊಸರು. ಹೊಟ್ಟೆ ಕೂದಲೆಳೆಯಷ್ಟೂ ಕರಗಲಿಲ್ಲ. ಶಾಸ್ತ್ರಕ್ಕೂ ಸಮಯ ಬೇಕಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹರಿಯಬ್ಬೆಯಲ್ಲಿ ಉಣ್ಣಲು ಕೂರಿಸಿದರು. ಹಿತ್ತಾಳೆ ತಣಿಗೆಯಲ್ಲಿ ಮುದ್ದೆ, ಅದರ ನೆತ್ತಿಯಲ್ಲಿ ಗುಳಿ, ಗುಳಿ ತುಂಬ ತುಪ್ಪ, ಸುತ್ತ ಹುರುಳಿ ಸಾರು. ನಾನು ಗುಳಿಯ ತುಪ್ಪವನ್ನಷ್ಟೇ ಬಟ್ಟಲಿಗೆ ಬಗ್ಗಿಸಿ ಕುಡಿದೆ. ಮತ್ತೆ ಬಟ್ಟಲು ತುಂಬಿಸಿಕೊಂಡೆ. ಮೂರನೆಯ ಸಲ ಬಟ್ಟಲು ಚಾಚಿದಾಗ ಅತ್ತೆಯ ಮುಖ ಸಣ್ಣಗಾಯಿತು.

"ಯಾಕ್ರಿ ಅಳಿಯಂದ್ರೆ, ಮುದ್ದೆ ಮುಟ್ಲೇ ಇಲ್ಲ? ಗಂಟಾಗೈತಾ?"

"ಇಲ್ರಿ ಅತ್ತೆ. ಹಿಟ್ಟು ಮೈಗೆ ಒಳ್ಳೇದಲ್ಲ."

ರಾಗಿ ಬೆಳೆಯುವವರ ಮನೆಯಲ್ಲಿ ಕೂತು ಈ ಮಾತಾಡಿದ ಮಹಾನುಭಾವ ನಾನೇ! ಮಾವನ ಕೈಯ ತುತ್ತು ಕೈಯಲ್ಲೇ ನಿಂತಿತು.

"ಹಿಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ ಅಂತಾರೆ. ತುಪ್ಪ ಕುಡಿದೋನು ಏನ್ ಕೀಳ್ತಾನಪ್ಪ?"

ಅಡಿಗೆಮನೆಯಲ್ಲಿ ಮುದ್ದೆಕೋಲು ಬಿದ್ದ ಸದ್ದು. ಹಿಂದೆಯೇ ಗಂಗಮ್ಮನ ದನಿ. "ಅವ್ವಾ, ಅವ್ರಿಗೇ ಅಂತ ಕೈ ಸುಟ್ಕಂಡು ತಿರುವಿದ ಮುದ್ದೆ ಅದು. ಬ್ಯಾಡ ಅನ್ನೋರ ಮನೆಗೆ ನಾನು ಹೋಗಲ್ಲ. ಗಾಡಿ ಕಟ್ಟಬ್ಯಾಡ ಅನ್ನು ಅಪ್ಪಗೆ!"

ಹೆಂಡತಿಯಿಲ್ಲದೆ ಹಿಂತಿರುಗುವುದೇ? ಶಾಸ್ತ್ರ ಹಾಳಾಗಲಿ! ಮುದ್ದೆಗೆ ಕೈ ಹಾಕಿದೆ. ಒಂದು ನುಂಗಿ, ಒಳಗೆ ಕೇಳಲೆಂದು "ಇನ್ನೊಂದು ಹಾಕ್ರಿ ಅತ್ತೆ!" ಎಂದು ಕೂಗಿದೆ. ಎರಡಾಯಿತು, ಮೂರಾಯಿತು. ನಾಲ್ಕನೆಯದನ್ನು ಬಡಿಸಿದ್ದು ಬೊಬ್ಬೆಯೆದ್ದ ಎಳೆಯ ಕೈ. ಅದನ್ನು ನೋಡಿ ನಿಜಕ್ಕೂ ನಾಚಿಕೆಯಾಯಿತು. ಆ ಮುದ್ದೆಯನ್ನೂ ನುಂಗಿದೆ.

ಗಾಡಿ ಕಟ್ಟಿದರು. ಆದರೆ ಹೊಟ್ಟೆಯೊಳಗೆ ತುಪ್ಪಕ್ಕೂ ಹಿಟ್ಟಿಗೂ ಯುದ್ಧ ಹತ್ತಿತ್ತು. ಕಣಿವೆಯ ದಾರಿಯಲ್ಲಿದ್ದ ಬಂದರೆಗಿಡದ ಪೊದೆಗಳಲ್ಲಿ ನಾನು ಭೇಟಿ ಕೊಡದ ಪೊದೆಯಿಲ್ಲ! ಪ್ರತಿಸಲವೂ ಚೊಂಬಿಗೆ ನೀರು ತುಂಬಿ ಕೊಡುತ್ತ ಗಂಗಮ್ಮ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಅವಳೀಗಿಲ್ಲ. ಆ ನಗು ಇನ್ನೊಮ್ಮೆ ಕೇಳುವುದಾದರೆ ಅಷ್ಟೂ ಪೊದೆಗಳಿಗೆ ಮತ್ತೆ ಹೋಗಿಬರಲು ನಾನು ತಯಾರು.

ಮನೆ ಮುಂದೆ ಗಾಡಿ ನಿಂತಾಗ ಇಳಿಯಲು ನನಗೆ ತ್ರಾಣವಿರಲಿಲ್ಲ. ಗಂಗಮ್ಮನೇ ರಟ್ಟೆ ಹಿಡಿದು ಇಳಿಸಿದಳು. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ಕೇಳಿದರು: "ಏನ್ರಿ, ಅಂತೂ ಹೆಂಡ್ತಿನ ಕರ್ಕಂಡ್ ಬಂದ್ರಾ?"

"ಇಲ್ಲಕ್ಕಾ," ಎಂದಳು ಗಂಗಮ್ಮ, "ನಾನೇ ಇವ್ರನ್ನ ಕರ್ಕಂಡ್ ಬಂದೆ."