ಡ್ರಿಲ್ ಮೇಷ್ಟ್ರ ಹಿಮ್ಮಡಿ

ಇಪ್ಪತ್ತಾರು ವರ್ಷ ಊರ ಮಕ್ಕಳನ್ನೆಲ್ಲ ಓಡಿಸಿದ ಡ್ರಿಲ್ ಮೇಷ್ಟ್ರಿಗೆ ಈಗ ಮಂಚದಿಂದ ಬಚ್ಚಲಿಗೆ ಹೋಗುವುದೇ ಒಂದು ದಂಡಯಾತ್ರೆಯಾಗಿತ್ತು. ಬೆಳಿಗ್ಗೆ ಎದ್ದು ಎಡಗಾಲು ನೆಲಕ್ಕಿಟ್ಟರೆ ಸಾಕು, ಹಿಮ್ಮಡಿಗೆ ಯಾರೋ ಮೊಳೆ ಹೊಡೆದಂತಾಗುತ್ತಿತ್ತು. ಹತ್ತು ಹೆಜ್ಜೆ ಹಾಕಿದ ಮೇಲೆ ಕೊಂಚ ತಗ್ಗುತ್ತಿತ್ತು. ಕೂತು ಎದ್ದರೆ ಮತ್ತೆ ಶುರು. ಅಯ್ಯೋ ಎನ್ನುವಂತೆಯೂ ಇಲ್ಲ. ಎರಡು ವರ್ಷದ ಹಿಂದೆ ಹೆಂಡತಿಗೆ ಇದೇ ನೋವು ಬಂದಾಗ, "ವ್ಯಾಯಾಮ ಮಾಡದವರ ಕಾಯಿಲೆ ಇದು, ನನ್ನನ್ನ ನೋಡು" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಭಾಷಣ ಬಿಗಿದಿದ್ದರು. (ಆಕೆ ನೋಡಿದ್ದಳು. ಏನೂ ಮಾತಾಡಿರಲಿಲ್ಲ. ಮೇಷ್ಟ್ರಿಗೆ ಈಗ ಭಯವಿದ್ದದ್ದು ಆ ಮೌನದ್ದೇ.)

ಸಾಲದ್ದಕ್ಕೆ ಶಾಲೆಯ ಕ್ರೀಡಾಕೂಟಕ್ಕೆ ಒಂದೇ ವಾರ. ಪಥಸಂಚಲನದ ಮುಂದಾಳು ಪ್ರತಿ ವರ್ಷ ಅವರೇ.

"ಕುಂಟ್ತಿದ್ದೀರಂತೆ? ಬೇಕಾದ್ರೆ ಸಂಗೀತದ ಮೇಷ್ಟ್ರು ಮುಂದೆ ನಡೀತಾರೆ" ಎಂದು ಹೆಡ್‌ಮಿಸ್ ಅಂದಿದ್ದೇ ತಡ, ಮೇಷ್ಟ್ರ ಮೀಸೆ ನೆಟ್ಟಗಾಯಿತು. ಜೀವಮಾನವಿಡೀ ಕೂತೇ ಪಾಠ ಮಾಡಿದ ಮನುಷ್ಯ ಮುಂದೆ, ತಾವು ಹಿಂದೆ! ಕೈಲಾಗದವನು ಅನ್ನಿಸಿಕೊಳ್ಳುವುದಕ್ಕಿಂತ ಕಾಲೇ ಉದುರಿ ಬೀಳಲಿ ಎಂದುಕೊಂಡರು.

ಔಷಧಿಯನ್ನೂ ತಾವೇ ಕಂಡುಹಿಡಿದರು. ಸಂಜೆ ಮೈದಾನಕ್ಕೆ ನಾಲ್ಕು ಸುತ್ತು ಹೆಚ್ಚಿಗೆ ಓಡುವುದು. ಮೂರನೆಯ ದಿನಕ್ಕೆ ಮನೆಯ ಎರಡು ಮೆಟ್ಟಿಲು ಹತ್ತುವಾಗ ಕುಲದೇವರೆಲ್ಲ ಕಣ್ಮುಂದೆ ಬಂದರು. ಕದ್ದು ಡಾಕ್ಟರ ಹತ್ತಿರ ಹೋದರು.

ಡಾಕ್ಟರಮ್ಮ ಹೆಬ್ಬೆರಳಿನಿಂದ ಹಿಮ್ಮಡಿ ಒತ್ತಿದರು. ಮೇಷ್ಟ್ರು ಕೂತಲ್ಲೇ ಅರ್ಧ ಅಡಿ ಎದ್ದರು.

"ಹಿಮ್ಮಡಿಯಿಂದ ಬೆರಳಿನ ತನಕ ಅಂಗಾಲಲ್ಲಿ ಒಂದು ಪಟ್ಟಿ ಇರುತ್ತೆ ಸರ್. ಅದಕ್ಕೆ ಏಟು ಬಿದ್ದಿದೆ. ರಾತ್ರಿ ಸೆಟೆದುಕೊಳ್ಳುತ್ತೆ, ಬೆಳಿಗ್ಗೆ ಮೊದಲ ಹೆಜ್ಜೆಗೆ ಜಗ್ಗುತ್ತೆ. ಎಲ್ಲಿ, ಶೂ ಕೊಡಿ."

ಮೇಷ್ಟ್ರು ಹೆಮ್ಮೆಯಿಂದಲೇ ಕೊಟ್ಟರು. ಹನ್ನೊಂದು ವರ್ಷದ ಕ್ಯಾನ್‌ವಾಸ್ ಶೂ. ಪ್ರತಿ ಭಾನುವಾರ ಬಿಳಿ ಪಾಲಿಶ್ ಬಳಿದು ಹಾಲಿನ ಹಾಗೆ ಇಟ್ಟಿದ್ದರು. ಡಾಕ್ಟರಮ್ಮ ಅದನ್ನು ಎತ್ತಿ ದೀಪಕ್ಕೆ ಹಿಡಿದರೆ ಹಿಮ್ಮಡಿಯ ಜಾಗದಲ್ಲಿ ಬೆಳಕು ಕಂಡಿತು.

"ಅಟ್ಟೆ ಸವೆದು ಹೋಗಿದೆ. ಇದು ಶೂ ಅಲ್ಲ ಸರ್, ಬರೀ ಸುಣ್ಣ. ಮೆತ್ತನೆ ಅಟ್ಟೆಯದು ತಗೊಳ್ಳಿ. ಮಂಚ ಇಳಿಯೋ ಮುಂಚೆ ಟವೆಲ್ ಹಾಕಿ ಪಾದ ನಿಮ್ಮ ಕಡೆ ಎಳ್ಕೊಳ್ಳಿ. ತಣ್ಣನೆ ಬಾಟಲಿ ಮೇಲೆ ಅಂಗಾಲು ಉರುಳಿಸಿ. ಓಟ, ಕವಾಯತು ಏನೂ ಬೇಡ."

"ಶನಿವಾರದ ತನಕ ತಾನೇ?"

"ಎರಡು ಮೂರು ತಿಂಗಳಾದ್ರೂ ಬೇಕು."

ಹೊಸ ಶೂ ತಂದರೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಚಿಕಿತ್ಸೆ ಟವೆಲಿಗೇ ನಿಂತಿತು. ಮರುದಿನ ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಏನ್ರೀ ಇದು, ಟವೆಲ್ ಜೊತೆ ಹಗ್ಗಜಗ್ಗಾಟ?"

"ಗಟ್ಟಿ ಇದೆಯಾ ನೋಡ್ತಿದ್ದೆ."

"ಇದೆಯಾ?"

"ಇದೆ."

"ಸದ್ಯ" ಎಂದು ಆಕೆ ಒಳಗೆ ಹೋದಳು.

ಮೇಷ್ಟ್ರಿಗೆ ಸಾಕುಸಾಕಾಗಿತ್ತು. ನೋವು ಹೇಗೋ ತಡೆಯಬಹುದು, ನೋವಿಲ್ಲ ಎಂದು ನಟಿಸುವುದಿದೆಯಲ್ಲ, ಅದು ಜೀವ ಹಿಂಡುತ್ತಿತ್ತು.

ಶನಿವಾರ ಬಂತು. ವಾದ್ಯ ಮೊಳಗಿತು. ಮೇಷ್ಟ್ರು ಎದೆ ಉಬ್ಬಿಸಿ ಮೊದಲ ಹೆಜ್ಜೆ ಹಾಕಿದರು. ಹಿಮ್ಮಡಿ ನೆಲ ಮುಟ್ಟಿತೋ ಇಲ್ಲವೋ, ನೆತ್ತಿಯ ತನಕ ಮಿಂಚು. ಎರಡನೆಯ ಹೆಜ್ಜೆಯನ್ನು ತುದಿಗಾಲಲ್ಲಿ ಇಟ್ಟರು. ಮೂರನೆಯದೂ ಹಾಗೆಯೇ. ವೇದಿಕೆ ದಾಟುವಾಗ ಜನರೆಲ್ಲ ತಮ್ಮನ್ನು ಬಿಟ್ಟು ತಮ್ಮ ಹಿಂದೆ ಬರುವವರನ್ನು ನೋಡುತ್ತಿದ್ದಾರೆ ಅನ್ನಿಸಿ ಹಿಂದಕ್ಕೆ ಕಳ್ಳನೋಟ ಬೀರಿದರು. "ಮುಂದಿರೋನ ಕಾಲು ನೋಡಿ ಹೆಜ್ಜೆ ಹಾಕಿ" ಎಂದು ಅವರೇ ತಿದ್ದಿ ತೀಡಿದ ನಾನೂರು ಮಕ್ಕಳು, ಎದೆ ಉಬ್ಬಿಸಿ, ಹಾಲು ಕದಿಯಲು ಹೊರಟ ಬೆಕ್ಕುಗಳ ಹಾಗೆ ತುದಿಗಾಲಲ್ಲಿ ಬರುತ್ತಿದ್ದರು.

ಚಪ್ಪಾಳೆಯೋ ಚಪ್ಪಾಳೆ. ಹೆಡ್‌ಮಿಸ್ ಓಡಿಬಂದರು. "ಏನು ಶಿಸ್ತು, ಏನು ನಿಶ್ಶಬ್ದ! ಸೋಮವಾರದಿಂದ ದಿನಾ ಮಕ್ಕಳು ಹೀಗೇ ತರಗತಿಗೆ ಹೋಗಲಿ. ಮುಂದೆ ನೀವೇ ಇರಬೇಕು ಮೇಷ್ಟ್ರೇ, ಇನ್ಯಾರಿಗೂ ಬರಲ್ಲ ಇದು!"

ಮೇಷ್ಟ್ರು ಶಾಮಿಯಾನದ ಹಿಂದೆ ಹೋಗಿ ಬೆಂಚಿನ ಮೇಲೆ ಕುಸಿದರು. ಹೆಂಡತಿ ಹಿಂದೆಯೇ ಬಂದು, ಬಗ್ಗಿ, ಅವರ ಎಡಗಾಲಿನ ಶೂ ಬಿಚ್ಚತೊಡಗಿದಳು.

"ನೋಯ್ತಿದೆ ಕಣೇ" ಎಂದರು ಮೇಷ್ಟ್ರು. "ಮೂರು ತಿಂಗಳಾಯ್ತು. ನಿನಗೆ ಗೊತ್ತಾಗಬಾರದು ಅಂತ..."

"ನಾಲ್ಕು" ಎಂದಳು ಹೆಂಡತಿ. "ಮೊದಲನೇ ತಿಂಗಳು ನಿಮಗೇ ಗೊತ್ತಾಗಿರಲಿಲ್ಲ."