ಮೌನ ಸಪ್ತಾಹದಲ್ಲಿ ಸಿಕ್ಕಿದ ಕಸ

ಕಪ್ಪುಕುಳಿಯೊಂದು ತನ್ನ ಪಕ್ಕದ ನಕ್ಷತ್ರವನ್ನು ಹರಿದು ನುಂಗುವ ಮೊದಲು ಇಲಾಖೆಯ ಪೂರ್ವಾನುಮತಿ ಪಡೆದಿರಲಿಲ್ಲ ಎಂಬುದು ವಿಚಾರಣೆಯಿಂದ ದೃಢಪಟ್ಟಿದೆ. ನುಂಗಿದ ಕಾಲಕ್ಕೆ ಇಲಾಖೆಯಿರಲಿ, ಭೂಮಿಯ ಮೇಲೆ ಮನುಷ್ಯನೇ ಹುಟ್ಟಿರಲಿಲ್ಲ ಎಂಬ ಸಮಜಾಯಿಷಿಯನ್ನು ವಿಚಾರಣಾ ಸಮಿತಿ ಕೂಲಂಕಷವಾಗಿ ಪರಿಶೀಲಿಸಿ, ಸಮರ್ಪಕವಲ್ಲವೆಂದು ತಳ್ಳಿಹಾಕಿದೆ. ಹಾಗೆ ನುಂಗಿದಾಗ ಎದ್ದ ಅಲೆ ಕೋಟ್ಯಂತರ ವರ್ಷ ಪ್ರಯಾಣ ಮಾಡಿ, ಗುರುತ್ವ ಅಲೆ ವೀಕ್ಷಣಾಲಯದ ಆವರಣವನ್ನು ಪ್ರವೇಶಿಸಿದ್ದು ಮಾನ್ಯ ಸಚಿವರು ಭಾಷಣ ಮಾಡುತ್ತಿದ್ದ ಹೊತ್ತಿನಲ್ಲಿ. ಗೇಟಿನಲ್ಲಿ ಹೆಸರು ಬರೆಸಿರಲಿಲ್ಲ.

ಈ ಅಲೆಯಿಂದ ಮೊದಲು ತೊಂದರೆಗೆ ಸಿಕ್ಕಿಕೊಂಡವಳು ಸದ್ದಕ್ಕ.

ಸದ್ದಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕೆಲಸ ಅಂಟಿಸಿದ ಹೆಸರು. ವೀಕ್ಷಣಾಲಯವೆಂದರೆ ಎರಡು ಉದ್ದನೆಯ ಕೊಳವೆಗಳು. ಒಂದು ಕಟ್ಟಡದಿಂದ ಹೊರಟು, ಬಯಲಿನಲ್ಲಿ ಒಂದಕ್ಕೊಂದು ಮುಖ ತಿರುಗಿಸಿಕೊಂಡು, ಕಣ್ಣಿಗೆ ಕಾಣದಷ್ಟು ದೂರ ಹೋಗುತ್ತವೆ. ಒಳಗೆ ಗಾಳಿಯಿಲ್ಲ, ಲೇಸರ್ ಬೆಳಕು ಮಾತ್ರ ತುದಿಯ ಕನ್ನಡಿಯ ತನಕ ಹೋಗಿ ಹಿಂತಿರುಗುತ್ತದೆ. ಆಕಾಶದಲ್ಲಿ ಎಲ್ಲೋ ಕಪ್ಪುಕುಳಿಗಳು ಡಿಕ್ಕಿ ಹೊಡೆದರೆ ಆ ಅಲೆ ನಮ್ಮನ್ನು ದಾಟಿಹೋಗುವಾಗ ಒಂದು ಕೊಳವೆ ಎಳ್ಳುಕಾಳಿನ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ ಹಿಗ್ಗುತ್ತದೆ, ಇನ್ನೊಂದು ಅಷ್ಟೇ ಕುಗ್ಗುತ್ತದೆ. ಅದನ್ನು ಅಳೆಯುವುದು ಯಂತ್ರದ ಕೆಲಸ. ಆದರೆ ಕನ್ನಡಿ ನಡುಗಲು ಕಪ್ಪುಕುಳಿಯೇ ಬೇಕೆಂದೇನಿಲ್ಲ. ರಸ್ತೆಯಲ್ಲಿ ಲಾರಿ ಹೋದರೆ ಸಾಕು, ಕೊಳವೆಯ ಮೇಲೆ ಕಾಗೆ ಕೂತು ಕೊಕ್ಕು ಮಸೆದರೆ ಸಾಕು. ಬಂದದ್ದು ಅಲೆಯೋ ಕಾಗೆಯೋ ಎಂದು ತೀರ್ಪು ಕೊಡುವುದು ಸದ್ದಕ್ಕನ ಕೆಲಸ.

"ಸದ್ದಕ್ಕಾ, ಸಿಕ್ತು! ಈ ಸಲ ಖಂಡಿತಾ ಕಪ್ಪುಕುಳಿನೇ!" ಎಂದು ಓಡಿಬಂದವರಿಗೆ ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಗಳಿಗೆ ಕೇಳಿ, "ಕ್ಯಾಂಟೀನ್ ಫ್ರಿಜ್ಜು ಕಣ್ರೋ" ಎನ್ನುತ್ತಿದ್ದಳು. ಓಡಿಬಂದವರು ನಡೆದು ಹೋಗುತ್ತಿದ್ದರು. ಅವಳು ಸೇರಿದ ಮೇಲೆ ನಿಜವಾದ ಅಲೆ ಎರಡು ಸಲ ಬಂದಿತ್ತು. ಒಮ್ಮೆ ಅವಳು ಅಕ್ಕನ ಬಾಣಂತನಕ್ಕೆ ಹೋಗಿದ್ದಳು, ಇನ್ನೊಮ್ಮೆ ಹಲ್ಲು ಕೀಳಿಸಿಕೊಳ್ಳುತ್ತಿದ್ದಳು. ಜೀವಮಾನದಲ್ಲಿ ಒಂದು ಸಲವಾದರೂ "ಇದು ಸದ್ದಲ್ಲ" ಎಂದು ಹೇಳಿಯೇ ನಿವೃತ್ತಳಾಗಬೇಕೆಂಬುದು ಅವಳ ಆಸೆ. ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಂಡರೂ ಸದ್ದೇ ತಾನೆ.

ಅವಳ ಗಂಡ ಪೇಟೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಸದ್ದು ಮಾಡಿಸಿ ಗಂಡ ಮನೆ ನಡೆಸುತ್ತಿದ್ದ, ಸದ್ದು ಅಡಗಿಸಿ ಹೆಂಡತಿ ನಡೆಸುತ್ತಿದ್ದಳು. ಹೀಗಾಗಿ ಸಂಸಾರ ಒಂದು ಹದದಲ್ಲಿತ್ತು.

ಹೀಗಿರುವಾಗ ನಿರ್ದೇಶಕರು ಒಂದು ಸುತ್ತೋಲೆ ಹೊರಡಿಸಿದರು.

"ವೀಕ್ಷಣಾಲಯದ ಸುತ್ತಮುತ್ತ ನಿಶ್ಶಬ್ದ ಕಾಪಾಡುವ ಅಗತ್ಯವನ್ನು ಸಾರ್ವಜನಿಕರಿಗೆ ಗಟ್ಟಿಯಾಗಿ ಮನವರಿಕೆ ಮಾಡಿಕೊಡುವ ಸಲುವಾಗಿ ಮೌನ ಸಪ್ತಾಹವನ್ನು ಆಚರಿಸಲು ತೀರ್ಮಾನಿಸಲಾಗಿದೆ. ಮಾನ್ಯ ಸಚಿವರು ಉದ್ಘಾಟಿಸಿ ಮಾತನಾಡುವರು. ಕೊಳವೆಗಳ ಉದ್ದಕ್ಕೂ ಧ್ವನಿವರ್ಧಕಗಳನ್ನು ಕಟ್ಟತಕ್ಕದ್ದು. ಮೌನದ ಮಹತ್ವ ಕಿವಿಗೆ ಬೀಳದವರು ಯಾರೂ ಉಳಿಯಕೂಡದು."

ಸದ್ದಕ್ಕ ಸುತ್ತೋಲೆ ಹಿಡಿದುಕೊಂಡೇ ನಿರ್ದೇಶಕರ ಕೋಣೆಗೆ ಹೋದಳು.

"ಸಾರ್, ಆ ದಿನ ಯಂತ್ರ ನಿಲ್ಲಿಸಿಬಿಡೋಣ."

"ನಿಲ್ಲಿಸಿದ್ರೆ ಸಚಿವರು ಬಂದು ಏನು ನೋಡ್ತಾರಮ್ಮ? ಪರದೆ ಮೇಲೆ ಗೆರೆ ಕುಣೀಬೇಕು."

"ಕುಣಿಯುತ್ತೆ ಸಾರ್. ಅದರಲ್ಲಿ ಅನುಮಾನವೇ ಬೇಡ."

"ಮತ್ತಿನ್ನೇನು?" ಎಂದು ನಿರ್ದೇಶಕರು ಸಂತೋಷಪಟ್ಟರು.

ಸಂಜೆ ಮನೆಗೆ ಬಂದರೆ ಗಂಡ ವರಾಂಡದಲ್ಲಿ ದೊಡ್ಡ ದೊಡ್ಡ ಹಾರ್ನುಗಳನ್ನು ಒರೆಸುತ್ತಾ ಕೂತಿದ್ದ.

"ನಿಮ್ಮ ಆಫೀಸಿಂದಾನೇ ಆರ್ಡರು ಕಣೇ. ಇರೋದನ್ನೆಲ್ಲ ತನ್ನಿ ಅಂದಿದಾರೆ."

"ರೀ, ಚಿಕ್ಕ ಹಾರ್ನ್ ಕಟ್ಟಿ. ನನಗೋಸ್ಕರ."

"ಮದುವೆಗೇ ನಾನು ಚಿಕ್ಕದು ಕಟ್ಟೋಲ್ಲ, ಮೌನಕ್ಕೆ ಕಟ್ಟಲಾ? ನಾಳೆ ಮಾರ್ಕೆಟ್ಟಲ್ಲಿ ಮುಖ ಎತ್ಕೊಂಡು ತಿರುಗಬೇಕಲ್ಲ."

ಕಾರ್ಯಕ್ರಮ ಸಾಂಗವಾಗಿ ನಡೆಯಿತು. ಮೌನದ ಬಗ್ಗೆ ಸಚಿವರಿಗೆ ಹೇಳಲು ಬಹಳವಿತ್ತು. "ಮಾತು ಬೆಳ್ಳಿ, ಮೌನ ಬಂಗಾರ ಅಂತ ಹಿರಿಯರು ಹೇಳಿದ್ದಾರೆ! ಬಂಗಾರ ನಿಮ್ಮ ಹತ್ತಿರಾನೇ ಇರಲಿ, ನಾನು ಬೆಳ್ಳಿ ಕೊಡೋಕೆ ಬಂದಿದೀನಿ!" ಎಂದು ಅವರು ಮೇಜು ಗುದ್ದಿದರು. ಒಳಗೆ ಪರದೆಯ ಮುಂದೆ ಕೂತಿದ್ದ ಸದ್ದಕ್ಕನ ಕಣ್ಣೆದುರು ಗೆರೆ ಹುಚ್ಚು ಕುದುರೆಯಂತೆ ನೆಗೆಯಿತು. ಕೊನೆಗೆ ಸಚಿವರು, "ಎಲ್ಲರೂ ನನ್ನ ಜೊತೆ ಜೋರಾಗಿ ಹೇಳಿ, ಮೌನ!" ಎಂದರು. ಜನ "ಮೌನ!" ಎಂದು ಕೂಗಿದರು. "ಕೇಳಿಸಲಿಲ್ಲ!" ಎಂದರು ಸಚಿವರು. ಜನ ಗಂಟಲು ಹರಿಯುವಂತೆ ಕೂಗಿ, ಕುರ್ಚಿಗಳನ್ನು ನೆಲಕ್ಕೆ ಕುಟ್ಟಿ, ಚಪ್ಪಾಳೆ ಹೊಡೆದರು.

ಅಲೆ ಬಂದದ್ದು ಆಗ.

ಸದ್ದಕ್ಕನಿಗೆ ಅದು ಗೊತ್ತಾದದ್ದು ಫೋನಿನಿಂದ. ಸಮುದ್ರದಾಚೆಯ ಇನ್ನೊಂದು ವೀಕ್ಷಣಾಲಯದಲ್ಲಿ ಅವಳ ಹಳೆಯ ಸಹಪಾಠಿಯೊಬ್ಬಳಿದ್ದಳು. ಅವಳು ಉಸಿರು ಬಿಡದೆ ಮಾತಾಡಿದಳು.

"ಬಂತು ಕಣೇ! ನಾವು ಹಿಡಿದಿದೀವಿ, ಉತ್ತರದ ವೀಕ್ಷಣಾಲಯದವರೂ ಹಿಡಿದಿದಾರೆ. ಕಪ್ಪುಕುಳಿ ನಕ್ಷತ್ರನ ಸಿಗಿದು ಹಾಕಿದೆ. ಆ ಚೂರುಗಳ ಬೆಳಕು ಈಗ ಆಕಾಶದಲ್ಲಿ ಎಲ್ಲೋ ಇದೆ, ಇಂಥ ಬೆಳಕನ್ನ ಇದುವರೆಗೆ ಒಬ್ಬರೂ ಕಣ್ಣಲ್ಲಿ ನೋಡಿಲ್ಲ. ಆದ್ರೆ ಎಲ್ಲಿ ಅಂತ ಹುಡುಕೋದು? ಎರಡೇ ಕಡೆ ಕೇಳಿಸಿದ್ರೆ ಅರ್ಧ ಆಕಾಶ ಜಾಲಾಡಬೇಕು. ನಿಮ್ಮದೂ ಸೇರಿದ್ರೆ ಬೆರಳಿಟ್ಟು ತೋರಿಸಬಹುದು. ನಿಮ್ಮಲ್ಲಿ ಏನು ಬಂದಿದೆ?"

"ನಮ್ಮಲ್ಲಿ ಮೌನದ ಕಾರ್ಯಕ್ರಮ ಇತ್ತು" ಎಂದಳು ಸದ್ದಕ್ಕ.

"ಅಂದ್ರೆ ಚೆನ್ನಾಗಿ ಕೇಳಿಸಿರಬೇಕು!"

ಸದ್ದಕ್ಕ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. "ಎಷ್ಟು ದಿನ ಇರುತ್ತೆ ಆ ಬೆಳಕು?"

"ವಾರ ಇದ್ರೆ ಪುಣ್ಯ. ಆಮೇಲೆ ಆರಿಹೋಗುತ್ತೆ."

ಅವಳು ಗಂಡನಿಂದ ಭಾಷಣದ ರೆಕಾರ್ಡಿಂಗ್ ಇಸಿದುಕೊಂಡಳು. ಗಂಡ ಅದನ್ನು ಆಣಿಮುತ್ತಿನಂತೆ ಸ್ವಚ್ಛವಾಗಿ ಹಿಡಿದಿದ್ದ. ಇನ್ನು ಉಳಿದದ್ದು ಸುಲಿಯುವ ಕೆಲಸ. ಯಂತ್ರದ ಗೆರೆಯಿಂದ ಮೈಕಿನ ಜನರೇಟರಿನ ಸದ್ದು ಕಳೆದಳು, ಕುರ್ಚಿ ಕುಟ್ಟಿದ್ದನ್ನು ಕಳೆದಳು, ಚಪ್ಪಾಳೆ ಕಳೆದಳು, ಬೆಳ್ಳಿ ಬಂಗಾರ ಕಳೆದಳು, ಕೊನೆಗೆ ಆ "ಮೌನ"ವನ್ನೂ ಅಕ್ಷರ ಅಕ್ಷರವಾಗಿ ಬಿಡಿಸಿ ತೆಗೆದಳು. ಈರುಳ್ಳಿ ಸುಲಿಯುತ್ತಾ ಹೋದರೆ ಕೊನೆಗೆ ಏನೂ ಉಳಿಯುವುದಿಲ್ಲವೆನ್ನುತ್ತಾರೆ. ಇಲ್ಲಿ ಉಳಿಯಿತು. ಹೆಡ್‌ಫೋನಿನಲ್ಲಿ, ಕೆಳಗಿನ ಸ್ವರದಿಂದ ಮೆಲ್ಲಗೆ ಹೊರಟು, ಏರುತ್ತಾ ಏರುತ್ತಾ, ಥಟ್ಟನೆ ನಿಂತುಹೋದ ಒಂದು ಸಿಳ್ಳೆ.

ಅವಳು ಅದನ್ನು ಮತ್ತೆ ಮತ್ತೆ ಕೇಳಿದಳು. ಫ್ರಿಜ್ಜಲ್ಲ. ಲಾರಿಯಲ್ಲ. ಕಾಗೆಯಂತೂ ಅಲ್ಲವೇ ಅಲ್ಲ. "ಇದು ಸದ್ದಲ್ಲ" ಎಂದು ಗಟ್ಟಿಯಾಗಿ ಹೇಳಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ವರದಿ ಬರೆದಳು.

ತಪ್ಪಾದದ್ದು ವರದಿಯ ಎರಡನೇ ಪುಟದಲ್ಲಿ. "ತೆಗೆದುಹಾಕಲಾದ ಗದ್ದಲ" ಎಂಬ ತಲೆಬರಹದ ಕೆಳಗೆ ಜನರೇಟರ್, ಕುರ್ಚಿ, ಚಪ್ಪಾಳೆ, ಮಾನ್ಯ ಸಚಿವರ ಭಾಷಣ ಎಂದಿತ್ತು. ನಿರ್ದೇಶಕರು ಅದನ್ನು ಓದಿ ನೀರು ಕೇಳಿ ಕುಡಿದರು.

"ಇದೇನಮ್ಮ ಕೊನೇದು?"

"ಭಾಷಣ ಸಾರ್."

"ಭಾಷಣ ಅನ್ನೋದು ಗೊತ್ತು. ಗದ್ದಲದ ಸಾಲಲ್ಲಿ ಯಾಕಿದೆ?"

"ಅಲೆ ಅಲ್ಲದ್ದೆಲ್ಲ ಗದ್ದಲ ಸಾರ್. ನಮ್ಮ ಶಾಸ್ತ್ರದಲ್ಲಿ ಹಾಗೇ ಕರೆಯೋದು."

"ಜನರೇಟರ್ ಆದಮೇಲೆ ಹಾಕಿದೀಯಲ್ಲಮ್ಮ!"

"ಬೇಕಾದ್ರೆ ಮೊದಲು ಹಾಕ್ತೀನಿ ಸಾರ್."

ಎರಡು ದಿನದಲ್ಲಿ ವಿಚಾರಣಾ ಸಮಿತಿ ರಚನೆಯಾಯಿತು. ಸಚಿವರ ಆಪ್ತ ಕಾರ್ಯದರ್ಶಿಯೇ ಅಧ್ಯಕ್ಷರು. ವೈಜ್ಞಾನಿಕ ಮಾಹಿತಿ ಹೊರಗೆ ಹೋಗಬೇಕಾದರೆ ಪ್ರತಿ ವಿಭಾಗದ ಮುಖ್ಯಸ್ಥರ ಸಹಿ ಬೇಕು. ಸಮಿತಿ ಕೂತಿರುವ ತನಕ ಯಾರೂ ಸಹಿ ಹಾಕಕೂಡದೆಂದು ಆದೇಶವಾಯಿತು. ಸಮಿತಿ ಕೂತಿತು. ಸಹಪಾಠಿಯಿಂದ ದಿನಕ್ಕೊಂದು ಸಂದೇಶ ಬರತೊಡಗಿತು. ಮೊದಲು "ಎಲ್ಲಿ ಕಣೇ?" ಎಂದಿತ್ತು. ಆಮೇಲೆ "ದೂರದರ್ಶಕಗಳೆಲ್ಲ ಕಾಯ್ತಾ ಇವೆ" ಎಂದಿತ್ತು. ಆಮೇಲೆ ಬರೀ "ಆರಿಹೋಗ್ತಿದೆ" ಎಂದು.

ವಿಚಾರಣೆಯ ದಿನ ಕಾರ್ಯದರ್ಶಿಗಳು ಕನ್ನಡಕ ಏರಿಸಿಕೊಂಡು ಕೇಳಿದರು. "ಸಚಿವರ ಭಾಷಣವನ್ನು ಗದ್ದಲ ಎಂದವರು ನೀವೇನಾ?"

"ಯಂತ್ರ ಅಂದಿದ್ದು ಸಾರ್. ನಾನು ಬರೆದೆ."

"ಯಂತ್ರಕ್ಕೆ ನೋಟಿಸ್ ಕೊಟ್ಟಿದ್ದೀರಾ?" ಎಂದು ಅವರು ನಿರ್ದೇಶಕರತ್ತ ತಿರುಗಿದರು.

"ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ."

"ದುರಹಂಕಾರ" ಎಂದು ಗುರುತು ಹಾಕಿಕೊಂಡು ಕಾರ್ಯದರ್ಶಿಗಳು ಮುಂದುವರಿದರು. ಅವರು ಕೆಟ್ಟವರಲ್ಲ. ಯಾವುದನ್ನೂ ತಲೆಯಿಂದ ಬುಡದವರೆಗೆ ಕ್ರಮವಾಗಿ ಯೋಚಿಸುವವರು. "ಒಂದು ಕಡೆ ಭಾಷಣ, ಇನ್ನೊಂದು ಕಡೆ ಈ ಸಿಳ್ಳೆ. ಒಂದೇ ಹೊತ್ತಿಗೆ ಎರಡೂ ಬಂದಿವೆ. ಒಂದಕ್ಕೆ ಇನ್ನೊಂದು ಅಡ್ಡಿ ಮಾಡಿದೆ. ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರಿತ್ತು?"

"ಸಚಿವರದು" ಎಂದರು ನಿರ್ದೇಶಕರು.

"ಸಿಳ್ಳೆಯದು?"

"ಇರಲಿಲ್ಲ."

"ಸಚಿವರು ಭಾಷಣ ಮಾಡುವಾಗ ಸಿಳ್ಳೆ ಹೊಡೆಯುವುದಕ್ಕೆ ಏನನ್ನುತ್ತಾರೆ? ನೀವೇ ಹೇಳಿ ತಾಯಿ, ಗದ್ದಲ ಯಾವುದು?"

ಸದ್ದಕ್ಕ ಮೇಜಿನ ಮೇಲಿದ್ದ ತನ್ನ ವರದಿಯತ್ತ ನೋಡಿದಳು. ಇಷ್ಟು ವರ್ಷ ಕಾದು, ಕಾಗೆ ಲಾರಿಗಳನ್ನೆಲ್ಲ ದಾಟಿ ಬಂದ ಒಂದೇ ಒಂದು ನಿಜ. ಅದನ್ನು ತನ್ನ ಬಾಯಿಂದಲೇ ಗದ್ದಲವೆನ್ನಬೇಕು, ಕೆಳಗೆ ತನ್ನದೇ ಸಹಿ ಹಾಕಬೇಕು. ಒಲ್ಲೆನೆಂದರೆ ಸಮಿತಿ ಮುಂದಿನ ತಿಂಗಳು ಮತ್ತೆ ಕೂರುತ್ತದೆ. ಆಕಾಶದಲ್ಲಿ ಆ ಬೆಳಕು ತನ್ನ ಪಾಡಿಗೆ ತಾನು ಆರುತ್ತಿದೆ. ಅದಕ್ಕೆ ಮುಂದಿನ ತಿಂಗಳಿಲ್ಲ.

"ಸಿಳ್ಳೆ ಸಾರ್" ಎಂದಳು.

"ಸರಿ. ತೆಗೆದುಹಾಕಿ. ಭಾಷಣ ಶುದ್ಧವಾಗಿ ಉಳಿಯಲಿ."

"ತೆಗೆದದ್ದನ್ನ ಏನು ಮಾಡ್ಲಿ ಸಾರ್?"

ಕಾರ್ಯದರ್ಶಿಗಳು ನಿಯಮಾವಳಿ ತಿರುವಿದರು. "ಆವರಣದಲ್ಲಿ ಉತ್ಪತ್ತಿಯಾದ ಕಸವನ್ನು ಅದೇ ದಿನ ಆವರಣದಿಂದ ಹೊರಗೆ ಸಾಗಿಸತಕ್ಕದ್ದು."

"ಅದಕ್ಕೆ ಯಾರ ಯಾರ ಸಹಿ ಬೇಕು?"

"ಕಸಕ್ಕೆ ಯಾರಮ್ಮ ಸಹಿ ಹಾಕ್ತಾರೆ?"

"ಎಷ್ಟು ದೂರ ಸಾಗಿಸಬಹುದು ಸಾರ್?"

"ಎಷ್ಟು ದೂರ ಹೋದರೆ ಅಷ್ಟು ಒಳ್ಳೆಯದು."

ಸದ್ದಕ್ಕ ಸಹಿ ಹಾಕಿ, ಕೋಣೆಗೆ ಓಡಿ, ಕಸವನ್ನು ಸಮುದ್ರದಾಚೆಗೆ ಸಾಗಿಸಿದಳು.

ಮರುದಿನ ಸಹಪಾಠಿ ಒಂದು ಚಿತ್ರ ಕಳಿಸಿದ್ದಳು. ಕಪ್ಪು ಹಿನ್ನೆಲೆಯಲ್ಲಿ ಮಬ್ಬಾದ ಗ್ಯಾಲಕ್ಸಿ, ಅದರ ಅಂಚಿನಲ್ಲಿ ಕೆಂಪನೆಯ ಒಂದು ಚುಕ್ಕೆ. ಆರುವ ಮೊದಲಿನ ಕೆಂಡದ ಬಣ್ಣ. ಕೆಳಗೆ "ಸಿಕ್ಕಿತು. ನೀನು ತೋರಿಸಿದಲ್ಲೇ" ಎಂದಿತ್ತು. ಸದ್ದಕ್ಕ ಊಟದ ಮೇಜಿನ ಮೇಲೆ ಫೋನಿಟ್ಟು ಗಂಡನಿಗೆ ತೋರಿಸಿದಳು.

"ಇದೇನಾ ನೀನು ಎಸೆದ ಕಸ?"

"ಹೂಂ."

ಅವನು ತಟ್ಟೆ ಸರಿಸಿ, ಕೈ ಒರೆಸಿಕೊಂಡು, ಬಗ್ಗಿ ನೋಡಿದ. "ನನ್ನ ಹಾರ್ನ್ ಇಷ್ಟು ಸದ್ದು ಮಾಡಿದ್ರೂ ಬಂತಲ್ಲೇ, ಗಟ್ಟಿಗಿತ್ತಿ."

ಯಾರನ್ನು ಗಟ್ಟಿಗಿತ್ತಿ ಎಂದನೆಂದು ಅವಳು ಕೇಳಲಿಲ್ಲ. ಇನ್ನೊಂದು ಸೌಟು ಸಾರು ಬಡಿಸಿದಳು.

ಜಗತ್ತಿನ ಪತ್ರಿಕೆಗಳೆಲ್ಲ ಆ ಚುಕ್ಕೆಯನ್ನು ಮುಖಪುಟದಲ್ಲಿ ಹಾಕಿದವು. ಇಲಾಖೆ ತಕ್ಷಣ ಸ್ಪಂದಿಸಿತು. "ನನ್ನ ಭಾಷಣದಿಂದ ಉದುರಿದ ಕಸವೇ ಜಗತ್ತಿಗೆ ಬೆಳಕಾಗಿದೆ. ಹಾಗಾದರೆ ಭಾಷಣ ಎಂಥದ್ದಿರಬೇಕು, ನೀವೇ ಯೋಚಿಸಿ" ಎಂದು ಸಚಿವರು ಹೇಳಿಕೆ ಕೊಟ್ಟರು. ಜನ ಯೋಚಿಸಿದರು, ಹೌದೆನ್ನಿಸಿತು. ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳ ಹೆಸರಿನಲ್ಲಿ ಪ್ರಬಂಧ ಹೊರಬಂತು. ವಿಜ್ಞಾನಿಗಳ ಹೆಸರುಗಳಿಗಿಂತ ಮೇಲೆ ಸಚಿವರದು, ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ, "ಕಸ ಸಾಗಣೆ: ಸದ್ದಕ್ಕ". ಅವಳಿಗೆ ಮುಖ್ಯ ಕಸ ವಿಲೇವಾರಿ ಅಧಿಕಾರಿ ಎಂದು ಬಡ್ತಿ ಸಿಕ್ಕಿತು. ಬಾಗಿಲಿಗೆ ಹಿತ್ತಾಳೆಯ ಫಲಕ ಬಿತ್ತು.

ಸಹಪಾಠಿ ಫೋನ್ ಮಾಡಿ ವಿಚಾರಿಸಿದಳು. "ನಮ್ಮಲ್ಲೂ ಮಾಹಿತಿ ಹೊರಗೆ ಹೋಗೋಕೆ ಹನ್ನೆರಡು ಕಮಿಟಿ ಕಣೇ. ನಿಮ್ಮ ಆ ಕಸದ ನಿಯಮ ಸ್ವಲ್ಪ ಕಳಿಸ್ತೀಯಾ?" ಸದ್ದಕ್ಕ ಕಳಿಸಿದಳು. ಮುಂದಿನ ಅಂತರರಾಷ್ಟ್ರೀಯ ಸಮ್ಮೇಳನದ ಹೊತ್ತಿಗೆ ಎಲ್ಲ ದೇಶಗಳ ವೀಕ್ಷಣಾಲಯಗಳೂ ತಮಗೆ ಸಿಕ್ಕ ಅಲೆಗಳನ್ನು ಕಸವೆಂದು ಘೋಷಿಸಿದ್ದವು. ಖಗೋಳ ವಿಜ್ಞಾನ ಇಷ್ಟು ಚುರುಕಾಗಿ ಹಿಂದೆಂದೂ ಓಡಿರಲಿಲ್ಲ.

ಒಂದೇ ಒಂದು ತೊಡಕು ಉಳಿದಿತ್ತು. ಅಲೆ ಕಸವಾಗಬೇಕಾದರೆ ಅದು ಭಾಷಣಕ್ಕೆ ಅಡ್ಡಿ ಮಾಡಿರಬೇಕು. ಭಾಷಣವಿಲ್ಲದಾಗ ಬಂದ ಅಲೆ ಬರೀ ವೈಜ್ಞಾನಿಕ ಮಾಹಿತಿ; ಅದಕ್ಕೆ ಎಲ್ಲರ ಸಹಿ ಬೇಕು. ಆದ್ದರಿಂದ ಕಚೇರಿ ವೇಳೆಯಲ್ಲಿ ಸದಾ ಒಬ್ಬರಾದರೂ ಭಾಷಣ ಮಾಡುತ್ತಿರತಕ್ಕದ್ದೆಂದು ಆದೇಶವಾಯಿತು. ಪಾಳಿ ಹಾಕಿದರು. ಭಾಷಣಕಾರರು ಬಂದರು, ಮಾಡಿದರು, ಹೋದರು.

ಒಂದು ಮಧ್ಯಾಹ್ನ ಸರದಿಯವರು ಕೈಕೊಟ್ಟರು. ನಿರ್ದೇಶಕರೇ ವೇದಿಕೆ ಹತ್ತಿ, ಖಾಲಿ ಕುರ್ಚಿಗಳನ್ನು ಉದ್ದೇಶಿಸಿ ವಿಜ್ಞಾನದ ಬಗ್ಗೆ ತಮಗೆ ಗೊತ್ತಿದ್ದುದನ್ನೆಲ್ಲ ಹೇಳಿದರು. ಅದು ಬೇಗ ಮುಗಿಯಿತು. ಇಳಿಯಲು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಸದ್ದಕ್ಕ ಕಿಟಕಿಯಿಂದ ತಲೆ ಹೊರಹಾಕಿದಳು.

"ಸಾರ್, ನಿಲ್ಲಿಸ್ಬೇಡಿ! ಬರ್ತಾ ಇದೆ!"

ನಿರ್ದೇಶಕರು ಮತ್ತೆ ಮೈಕಿನ ಮುಂದೆ ನಿಂತರು. ಹೇಳಲು ಏನೂ ಉಳಿದಿರಲಿಲ್ಲ. ಒಂದು ಕ್ಷಣ ತಡವರಿಸಿ, ಎದೆ ಸೆಟೆಸಿ, ಗಂಭೀರವಾಗಿ ಶುರು ಮಾಡಿದರು. "ಹದಿಮೂರೊಂದ್ಲ ಹದಿಮೂರು. ಹದಿಮೂರೆರಡ್ಲ ಇಪ್ಪತ್ತಾರು."

ಗೇಟಿನ ಕಾವಲುಗಾರ ನಿಯಮದ ಪ್ರಕಾರ ಚಪ್ಪಾಳೆ ತಟ್ಟಿದ.