ಹೆಂಗಸಿಲ್ಲದ ಮನೆಯ ಕೋಳಿಗಳು

ಹಿತ್ತಲಲ್ಲಿ ನಾಲ್ಕು ಕೋಳಿ ಇದ್ದರೆ ದಿನಕ್ಕೊಂದು ನಗೆಪಾಟಲು ಗ್ಯಾರಂಟಿ. ನಾವು ಸುಮ್ಮನಿದ್ದರೂ ಅವು ಸುಮ್ಮನಿರಲ್ಲ.

ನಾನು ಗಾರೆ ಕೆಲಸದವನು. ಪೆನ್ನಾಗರಂ ಪಕ್ಕದ ಹಳ್ಳಿ. ಹೋದ ವರ್ಷ ಹೆಂಡತಿ ತೀರಿಕೊಂಡಳು. ಒಬ್ಬಳೇ ಮಗಳು, ತಾರಮಂಗಲಕ್ಕೆ ಕೊಟ್ಟಿದ್ದೇವೆ. ಅವಳೀಗ ಬಸುರಿ. ಮೊದಲ ಹೆರಿಗೆ ತೌರಿನಲ್ಲಿ ಆಗಬೇಕು. "ಮಗಳು ಬಾಣಂತನಕ್ಕೆ ಬಂದಾಗ ಅಂಗಡಿ ಬಿಳಿ ಮೊಟ್ಟೆ ಬ್ಯಾಡ, ನಮ್ಮ ಹಿತ್ತಲ ಮೊಟ್ಟೇನೇ ಕೊಡ್ಬೇಕು" ಅಂತ ಹೆಂಡತಿ ಮಗಳ ಮದುವೆ ಆದಾಗಿನಿಂದ ಹೇಳುತ್ತಿದ್ದಳು.

ಬೀಗಿತ್ತಿ ಫೋನ್ ಮಾಡಿದರು. "ತಪ್ಪು ತಿಳ್ಕೋಬ್ಯಾಡಿ ಬೀಗ್ರೇ. ಹೆಂಗಸಿಲ್ಲದ ಮನೆಗೆ ಬಸುರಿ ಹುಡುಗೀನ ಹೆಂಗೆ ಕಳಿಸ್ಲಿ? ಹೆರಿಗೆ ಇಲ್ಲೇ ಆಗ್ಲಿ ಬಿಡಿ."

ಫೋನ್ ಇಟ್ಟೆ. ಸಂತೆಗೆ ಹೋಗಿ ಕೋಳಿ ತಂದೆ.

ಐದನೆಯದು

ಕೋಳಿ ಮಾರುತ್ತಿದ್ದವಳು ಒಬ್ಬ ನಡುವಯಸ್ಸಿನ ಹೆಂಗಸು. "ಮೊಟ್ಟೆ ಇಡೋವು ಕೊಡಮ್ಮ" ಅಂದೆ. ಐದು ಹಿಡಿದು ಕಾಲು ಕಟ್ಟಿ ಕೊಟ್ಟಳು. ಕೋಳಿ ನೋಡಿ ಗಂಡೋ ಹೆಣ್ಣೋ ಹೇಳೋದು ನನಗೆ ಬರಲ್ಲ. ಇಟ್ಟಿಗೆ ಆದರೆ ತಟ್ಟಿ ಹೇಳುತ್ತೇನೆ, ಬೆಂದಿದ್ದೋ ಹಸಿಯೋ ಅಂತ.

ಸ್ವಲ್ಪ ದಿನಕ್ಕೆ ಒಂದು ಕತ್ತೆತ್ತಿ ಕೂಗಿತು. ಗಂಟಲು ಕೆಟ್ಟಿರಬೇಕು ಅಂದುಕೊಂಡು ಮೆಣಸಿನ ನೀರು ಕುಡಿಸಿದೆ. ಇನ್ನೂ ಜೋರಾಗಿ ಕೂಗಿತು. ಮುಂದಿನ ಸಂತೆಗೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ.

"ಏನಮ್ಮ, ಇದು ಹುಂಜ ಅಲ್ವಾ?"

"ಹೂಂ ಅಣ್ಣಾ. ನಾಲ್ಕು ಹ್ಯಾಟೆಗೆ ಒಂದು ಹುಂಜ ಬ್ಯಾಡ್ವಾ? ಮನೆ ಅಂದ್ಮೇಲೆ ಒಬ್ಬ ಗಂಡ್ಸು ಇರ್ಬೇಕು."

"ನಮ್ಮನೇಲಿ ಗಂಡ್ಸು ನಾನಿದೀನಲ್ಲಮ್ಮ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಸರಿ ಹಂಗಾದ್ರೆ. ಬೆಳಗಿನ ಜಾವ ನೀವು ಕೂಗ್ತೀರಾ?"

ಹುಂಜವನ್ನು ಮನೆಗೆ ವಾಪಸ್ ತಂದೆ.

ಗೃಹಪ್ರವೇಶ

ಕೋಳಿಗೆ ಗೂಡು ಬೇಕು. ಊರಿನವರು ಬಿದಿರಿನ ಪಂಜರ ತರುತ್ತಾರೆ, ಇಲ್ಲಾಂದರೆ ಬುಟ್ಟಿ ಕವುಚುತ್ತಾರೆ. ನಾನು ಗಾರೆಯವನು. ಇಟ್ಟಿಗೆ ಇಟ್ಟೆ, ಒಳಗೂ ಹೊರಗೂ ಸಿಮೆಂಟ್ ಪೂಸಿದೆ, ಗಾಳಿಗೆ ಜಾಲರಿ ಬಿಟ್ಟೆ, ಬಾಗಿಲ ಮೇಲೆ ಮಳೆ ಬೀಳದ ಹಾಗೆ ಒಂದು ಸಣ್ಣ ಸಜ್ಜೆ ಕೂಡ ಹಾಕಿದೆ. ಹೊಸ ಸಿಮೆಂಟ್ ಬಿರುಕು ಬಿಡಬಾರದು ಅಂತ ದಿನಾ ನೀರು ಹೊಡೆದೆ.

ಒಂದು ಕೋಳಿಯೂ ಒಳಗೆ ಕಾಲಿಡಲಿಲ್ಲ. ಹೊತ್ತು ಮುಳುಗುತ್ತಿದ್ದ ಹಾಗೆ ಸಾಲಾಗಿ ನುಗ್ಗೆ ಮರ ಹತ್ತಿ ಕೂತವು.

ಪಕ್ಕದ ಮನೆ ಅಕ್ಕ ಬೇಲಿ ಮೇಲಿಂದ ಬಗ್ಗಿ ನೋಡಿದಳು. "ಏನಣ್ಣಾ, ಹಾಲು ಉಕ್ಕಿಸಿದ್ಯಾ?"

ಅವಳು ಹೇಳಿದ್ದು ತಮಾಷೆಗೆ. ನನಗೆ ಆಗ ತಮಾಷೆ ಬೇಗ ಹತ್ತುತ್ತಿರಲಿಲ್ಲ. ಮೂರು ಕಲ್ಲು ಇಟ್ಟು, ಗೂಡಿನ ಮುಂದೆ ಹಾಲು ಉಕ್ಕಿಸಿ, ಸಜ್ಜೆಗೆ ಅರಿಶಿನ ಕುಂಕುಮ ಇಟ್ಟೆ. ಕೋಳಿಗಳು ಮರದ ಮೇಲೆ ಕೂತು ನೋಡಿದವು.

ಬೆಳಿಗ್ಗೆ ಎದ್ದು ನೋಡಿದರೆ ಗೂಡಿನೊಳಗೆ ಬೀದಿ ನಾಯಿ ಸುರುಳಿ ಸುತ್ತಿ ಮಲಗಿತ್ತು. ಹಾಲಿನ ಪಾತ್ರೆ ಖಾಲಿ.

ಅಕ್ಕ ಕೈ ಮುಗಿದಳು. "ನೆಲ ತಣ್ಣಗೈತೆ, ಅದಕ್ಕೆ ಕೋಳಿ ಓಗಲ್ಲ. ಒಣಗಕ್ಕೆ ಬಿಡು, ಒಣ ಹುಲ್ಲು ಹಾಕು. ನಾಯಿ ಖಾಲಿ ಮಾಡೋ ತಂಕ ಬಾಡಿಗೆ ಇಸ್ಕೋ."

ನೀಲಿ ಸೀರೆ

ನೆಲ ಒಣಗಿತು. ಹುಲ್ಲು ಹಾಸಿದೆ. ಆದರೂ ನಾನು ಕರೆದರೆ ಬರಲ್ಲ. ಬಾ ಬಾ ಅಂದರೆ ಬೇಲಿ ಕಡೆಗೆ ಓಡುತ್ತವೆ. ಬೇಲಿ ಆಚೆಯಿಂದ ಅಕ್ಕ ಒಂದು ಸಲ ಬಾ ಬಾ ಅಂದರೆ ಸಾಲಾಗಿ ಅವಳ ಕಾಲ ಹತ್ತಿರ ನಿಲ್ಲುತ್ತವೆ.

"ಇವು ಹೆಂಗಸ್ರ ಕೈಲಿ ಬೆಳೆದಿರೋವು ಅಣ್ಣಾ. ಪಂಚೆ ಕಂಡ್ರೆ ಹಿಡ್ಕೊಂಡು ಓಗಿ ಕುಯ್ಯಕ್ಕೆ ಬಂದ ಅನ್ಕೋತವೆ. ಒಂದು ಸೀರೆ ಹೊದ್ಕೋ."

ಹೆಂಡತಿ ತಿಥಿ ಆದ ಮೇಲೆ ಅವಳ ಸೀರೆಗಳನ್ನು ಅವಳ ಅಕ್ಕತಂಗಿಯರು ಹಂಚಿಕೊಂಡಿದ್ದರು. ಅದು ವಾಡಿಕೆ. ಒಂದು ಮಾತ್ರ ಉಳಿದಿತ್ತು. ನೀಲಿ ನೂಲಿನದು, ಮನೆಯಲ್ಲಿ ಉಡುತ್ತಿದ್ದದ್ದು, ಅಂಚು ಹರಿದಿದೆ. ಯಾರಿಗೂ ಬೇಡವಾಯಿತು. ನಾನು ಮಡಚಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ.

ಆ ಸಾಯಂಕಾಲ ಅದನ್ನು ತಲೆ ಮೇಲಿಂದ ಹೊದ್ದು, ರಾಗಿ ಹಿಡಿದು, ನಾಚಿಕೆ ಬಿಟ್ಟು ಬಾ ಬಾ ಅಂದೆ. ನಾಲ್ಕು ಹ್ಯಾಟೆ, ಒಂದು ಹುಂಜ, ಮರದಿಂದ ದಬದಬ ಇಳಿದು ಬಂದವು. ಸೀರೆ ಹಿಂದೆ ಬಿದ್ದು ಸೀದಾ ಗೂಡಿನೊಳಗೆ ಹೋದವು.

ಬಾಗಿಲು ಹಾಕಿ ಅಲ್ಲೇ ಕೂತೆ. ಆಮೇಲೆ ನಗು ಬಂತು. ಅವಳು ಇದ್ದಾಗಲೂ ಈ ಮನೆಯಲ್ಲಿ ನನ್ನ ಮಾತು ನಡೆದಿದ್ದು ಅವಳು ಹೂಂ ಅಂದ ಮೇಲೇ.

ಪುರಟ್ಟಾಸಿ

ಮೊದಲ ಮೊಟ್ಟೆ ಬಿತ್ತು. ಬಿಸಿಯಾಗಿತ್ತು. ಅಂಗೈಯಲ್ಲಿ ಇಟ್ಟುಕೊಂಡು ಮಗಳಿಗೆ ಫೋನ್ ಮಾಡಿದೆ.

"ಮೊಟ್ಟೆ ಇಟ್ಟೈತೆ ಕಣಮ್ಮ! ತಂದ್ಕೊಡ್ಲಾ?"

"ಅಪ್ಪಾ, ಇವತ್ತು ಪುರಟ್ಟಾಸಿ ಹುಟ್ತು. ಅತ್ತೆ ಮೊಟ್ಟೆ ಹೊಸಿಲು ದಾಟಕ್ಕೆ ಬಿಡಲ್ಲ."

ಪುರಟ್ಟಾಸಿ ಅಂದರೆ ನಮ್ಮ ತಮಿಳು ಸೀಮೆಯಲ್ಲಿ ಪೆರುಮಾಳ್ ದೇವರ ತಿಂಗಳು. ನಮ್ಮ ಬೀದಿಯಲ್ಲೂ ತಿಂಗಳು ಪೂರ್ತಿ ಮಾಂಸ, ಮೀನು, ಮೊಟ್ಟೆ ಮುಟ್ಟಲ್ಲ. ವರ್ಷದಲ್ಲಿ ಬೇರೆ ತಿಂಗಳೇ ಇರಲಿಲ್ಲವೇನೋ ಅನ್ನುವ ಹಾಗೆ ನಾಲ್ಕೂ ಸೇರಿ ಇಟ್ಟವು. ಅಡುಗೆಮನೆ ಮೂಲೆಯಲ್ಲಿ ಬುಟ್ಟಿಗೆ ಮರಳು ಹಾಕಿ ಜೋಡಿಸಿಟ್ಟೆ. ಒಂದು ದಿನ ಕೆಲಸ ಮುಗಿಸಿ ಬಂದು ನೋಡಿದರೆ ಕೆಂದ ಹ್ಯಾಟೆ ಬುಟ್ಟಿ ಹತ್ತಿ ಕಾವಿಗೆ ಕೂತಿದೆ. ಎತ್ತಲು ಹೋದೆ, ಕೈ ಕುಕ್ಕಿತು.

"ಬಿಡಣ್ಣಾ" ಅಂದಳು ಅಕ್ಕ. "ತಾಯಾಗ್ತಾವ್ಳೆ. ಎಬ್ಬಿಸ್ಬ್ಯಾಡ."

ಎಬ್ಬಿಸಲಿಲ್ಲ. ಅಡುಗೆಮನೆ ಅದಕ್ಕೆ ಬಿಟ್ಟು ನಾನು ಜಗಲಿಯಲ್ಲಿ ಅನ್ನ ಬೇಯಿಸಿಕೊಂಡೆ.

ಪುರಟ್ಟಾಸಿ ಮುಗಿದ ಬೆಳಿಗ್ಗೆ ಟೀ ಅಂಗಡಿಯವನು ಪಾತ್ರೆ ಹಿಡಿದು ಬಂದ. "ಮಾವಾ, ಮೊಟ್ಟೆ ಐತಾ?"

"ಐತೆ" ಅಂದೆ. ಬುಟ್ಟಿ ತಂದು ತೋರಿಸಿದೆ. "ಕಾಲು ಬಂದೈತೆ, ಪರವಾಗಿಲ್ವಾ?"

ಬೀಗಿತ್ತಿ ಬಂದದ್ದು

ಉಳಿದ ಮೂರು ಹ್ಯಾಟೆ ಮತ್ತೆ ಮೊಟ್ಟೆಗೆ ಶುರು ಮಾಡಿದ್ದವು. ಮಗಳಿಗೆ ಬಳೆ ತೊಡಿಸುವ ಶಾಸ್ತ್ರ ಹತ್ತಿರ ಬಂತು. ಅದಾದ ಮೇಲೆ ಬಸುರಿ ತೌರಿಗೆ ಬರಬೇಕು. ಬೀಗಿತ್ತಿ ಆ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಿ ಇಲ್ಲ ಅನ್ನಿಸಿಕೊಂಡರೆ ಆಮೇಲೆ ಉಳಿಯೋದೇನು.

ಒಂದು ಸಾಯಂಕಾಲ ಅವರು ಹೇಳದೆ ಕೇಳದೆ ಬಸ್ಸಿಳಿದರು. ಶಾಸ್ತ್ರಕ್ಕೆ ಕರೆಯಲು ಬಂದಿದ್ದರು. ನಾನು ಮನೆಯಲ್ಲಿದ್ದೇನಾ ಅಂತ ಕೇಳಿದ್ದು ಟೀ ಅಂಗಡಿಯಲ್ಲಿ. ಅಲ್ಲಿ ಯಾರೋ ಹೇಳಿದರಂತೆ: "ಆ ಗಾರೆಯೋರ ಮನೇನಾ? ಓಗಿ ಓಗಿ. ದಿನಾ ಹೊತ್ತು ಮುಳುಗೋ ಹೊತ್ಗೆ ಹಿತ್ತಲಲ್ಲಿ ಒಬ್ಳು ನೀಲಿ ಸೀರೆಯೋಳು ಓಡಾಡ್ತಾಳೆ."

ಬೀಗಿತ್ತಿ ಮುಂಬಾಗಿಲಿಗೆ ಬರಲಿಲ್ಲ. ಚಪ್ಪಲಿ ಸಮೇತ ಸೀದಾ ಹಿತ್ತಲಿಗೆ ಬಂದರು. ನೀಲಿ ಸೀರೆ ಬೆನ್ನು ಮಾಡಿ ಬಗ್ಗಿತ್ತು.

"ಯಾರೇ ನೀನು? ಆ ಮಹಾತಾಯಿ ಓಗಿ ಇನ್ನೂ ವರ್ಷ ಆಗೈತೆ ಅಷ್ಟೇ! ತಿರುಗೇ ಈ ಕಡೆ!"

ತಿರುಗಿದೆ. ಮೀಸೆ, ಕುರುಚಲು ಗಡ್ಡ, ತಲೆ ತುಂಬ ಸೆರಗು. ಮಡಿಲಲ್ಲಿ ಕೋಳಿ ಮರಿಗಳು.

"ಬನ್ನಿ ಬೀಗಿತ್ತೀ" ಅಂದೆ.

ಅವರು ಬಾಯಿ ತೆರೆದವರು ಮುಚ್ಚಲಿಲ್ಲ. "ಅಯ್ಯೋ ಕಡವುಳೇ" ಅಂತ ಒಗೆಯೋ ಕಲ್ಲಿನ ಮೇಲೆ ಕುಸಿದು ನಗಲು ಶುರು ಮಾಡಿದರು. ಬೇಲಿ ಆಚೆ ಅಕ್ಕನೂ ನಕ್ಕಳು. ಹುಂಜ ಹೆದರಿ ನುಗ್ಗೆ ಮರ ಹತ್ತಿತು. ನಗುತ್ತಾ ನಗುತ್ತಾ ಬೀಗಿತ್ತಿ ಸೀರೆಯ ಹರಿದ ಅಂಚು ನೋಡಿದರು. ನಗು ನಿಂತಿತು.

"ಇದು ಅವ್ರದ್ದಲ್ವಾ?"

"ಹೂಂ."

ಅವರು ಕಣ್ಣು ಒರೆಸಿಕೊಂಡರು. ಎದ್ದು ಹೋಗಿ ಗೂಡು ನೋಡಿದರು, ಸಜ್ಜೆ ಮುಟ್ಟಿದರು. ಅಡುಗೆಮನೆಯಲ್ಲಿ ಮಗಳಿಗೆ ಅಂತ ಜೋಡಿಸಿದ್ದ ಮೊಟ್ಟೆ ನೋಡಿದರು. ಜಗಲಿಯಲ್ಲಿ ನನ್ನ ಅನ್ನದ ಪಾತ್ರೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬೀಗ್ರೇ, ಹೆಂಗಸಿಲ್ಲದ ಮನೆಗೆ ಹುಡುಗೀನ ಕಳಿಸಲ್ಲ ಅಂದಿದ್ದೆ."

"ಹೂಂ."

"ಬಳೆ ತೊಡಿಸಿದ ಮಾರನೇ ದಿನ ನಾನೇ ಕರ್ಕೊಂಡು ಬಂದು ಬಿಡ್ತೀನಿ. ಈ ಮನೇಲಿ ಹೆಂಗಸು ಒಬ್ಳು ಅವ್ಳೆ."

ಅವರು ಹತ್ತಿರ ಬಂದು ಸೆರಗು ಹಿಡಿದು ನೋಡಿ ತಲೆ ಅಲ್ಲಾಡಿಸಿದರು.

"ಅಷ್ಟರೊಳಗೆ ಸೆರಗು ಎಡಗಡೆಗೆ ಹಾಕೋದು ಕಲ್ತ್ಕೊಳ್ಳಿ. ಹುಡುಗಿ ನೋಡಿದ್ರೆ ಅವರಮ್ಮನ ಮಾನ ಓಯ್ತದೆ."